ನಕ್ಷೆಯಲ್ಲಿಲ್ಲದ ಐದು ತಿರುವುಗಳು

ದೆವ್ವ, ಶಕುನ, ಕನಸಿನ ಸೂಚನೆ, ಇಂಥ ಮಾತು ಬಂದಾಗ ನಗುವವರಲ್ಲಿ ನಾನೇ ಮೊದಲಿಗ. ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ತುಂಡನ್ನು ಬದಿಗೆ ಹಾಕುತ್ತೇನೆ. ಅಳತೆಗೆ ಸಿಗದ ಸಂಗತಿಗೆ ನನ್ನ ಮೇಜಿನ ಮೇಲೆ ಜಾಗವಿಲ್ಲ ಎಂದು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ನಂತರ ಆ ಜಂಬ ಸ್ವಲ್ಪ ಇಳಿದಿದೆ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಸೇಡಂ ಕಡೆಯ ಹಳ್ಳಿ. ಅಪ್ಪ ಒಮಾನ್ ದೇಶದ ನಿಜ್ವಾ ಎಂಬ ಊರಿನ ಹತ್ತಿರ ಒಂದು ಖರ್ಜೂರದ ತೋಟದಲ್ಲಿ ಇಪ್ಪತ್ತು ವರ್ಷ ದುಡಿದ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದ. ಅವ್ವ ಆ ಅಷ್ಟೂ ವರ್ಷ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿ ನನ್ನನ್ನೂ ತಂಗಿಯನ್ನೂ ಓದಿಸಿದಳು. ಕಡೆಗೆ ಅಪ್ಪ ಉಪ್ಪಲ್‌ನ ನಮ್ಮ ಮನೆಗೆ ಬಂದು ಸೇರಿದ, ಒಂದೇ ವರ್ಷದಲ್ಲಿ ತೀರಿಕೊಂಡ. ಅಲ್ಲಿಯ ವಿಷಯ ಏನು ಕೇಳಿದರೂ "ಬಿಸಿಲು" ಎಂದಷ್ಟೇ ಹೇಳುತ್ತಿದ್ದ. ಅವನ ಪತ್ರಗಳ ಮೇಲೆ ಒಂದು ಪೋಸ್ಟ್ ಬಾಕ್ಸ್ ಸಂಖ್ಯೆ ಇರುತ್ತಿತ್ತೇ ಹೊರತು ತೋಟದ ಹೆಸರಾಗಲಿ ರಸ್ತೆಯಾಗಲಿ ಇರಲಿಲ್ಲ. ನಮ್ಮ ಬಳಿ ಉಳಿದದ್ದು ಒಂದೇ ಫೋಟೋ. ನೀಲಿ ಕಬ್ಬಿಣದ ಗೇಟು, ಗೋಡೆಯ ಆಚೆಯಿಂದ ಬಾಗಿದ ಲಿಂಬೆ ಗಿಡ, ಗೇಟಿಗೆ ಕೈ ಊರಿ ನಿಂತ ಅಪ್ಪ.

ಮಸ್ಕತ್ತಿನಲ್ಲಿರುವ ತಂಗಿ ನಮ್ಮನ್ನು ಹತ್ತು ದಿನದ ಮಟ್ಟಿಗೆ ಕರೆದಾಗ ಅವ್ವ ಒಂದೇ ಮಾತು ಹೇಳಿದಳು. "ನಿಮ್ಮಪ್ಪ ಇದ್ದ ಜಾಗಾ ಒಂದು ಸಲ ನೋಡಬೇಕು ತಮ್ಮಾ. ನನ್ನ ಕೂಡ ಇದ್ದದ್ದಕ್ಕಿಂತ ಅಲ್ಲೇ ಭಾಳ ದಿನಾ ಇದ್ದಾರ."

ತಂಗಿಯ ಗಂಡ ತನ್ನ ಕಾರು ಕೊಡುವುದಾಗಿ ಹೇಳಿದ. ಆದರೆ ಗುಡ್ಡಗಳ ನಡುವೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ನಿನ್ನ ಹಳೆಯ ಜಿಪಿಎಸ್ ಯಂತ್ರಕ್ಕೆ ಇಲ್ಲಿಯ ನಕ್ಷೆ ಹಾಕಿಸಿಕೊಂಡು ಬಾ ಎಂದ. ಒಂದು ಶನಿವಾರ ಅವ್ವನನ್ನು ಕೂರಿಸಿಕೊಂಡು ಬಾಲಾನಗರದಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯ ಮುದುಕರು ಎರಡು ಮೆಮೊರಿ ಕಾರ್ಡುಗಳನ್ನು ಮುಂದಿಟ್ಟರು. ಒಂದರಲ್ಲಿ ಒಮಾನಿನ ಓಣಿ, ತೋಟದ ದಾರಿ, ಎಲ್ಲವೂ ಇದ್ದವು. ಇನ್ನೊಂದು ಅಗ್ಗದ್ದು. "ಇಸ್‌ಮೆ ಗಲ್ಲಿಯಾಂ ನಹೀ ಆತೇ ಸಾಬ್, ಬಡೇ ರಸ್ತೇಚ್ ಆತೇ," ಎಂದು, ಅದರಲ್ಲಿ ಓಣಿಗಳಿಲ್ಲ, ದೊಡ್ಡ ರಸ್ತೆಗಳಷ್ಟೇ ಇವೆಯೆಂದು, ಅವರೇ ಪ್ರಾಮಾಣಿಕವಾಗಿ ಹೇಳಿದರು.

ನಾನು ಅಗ್ಗದ್ದನ್ನೇ ಆರಿಸಿದೆ. ವಿಳಾಸವೇ ಗೊತ್ತಿಲ್ಲದವರಿಗೆ ಓಣಿಗಳ ನಕ್ಷೆ ಕಟ್ಟಿಕೊಂಡು ಏನಾಗಬೇಕು ಎಂದು ಅವ್ವನ ಎದುರಿಗೇ ಹೇಳಿಬಿಟ್ಟೆ. ಲೆಕ್ಕ ಸರಿಯಾಗಿತ್ತು. ಆದರೆ ಅವ್ವನ ಮುಖ ಸಣ್ಣದಾಯಿತು. ಹುಡುಕುವ ಮೊದಲೇ ಸಿಗುವುದಿಲ್ಲ ಎಂದು ಮಗ ತೀರ್ಮಾನಿಸಿದ್ದು ಅವಳಿಗೆ ತಿಳಿಯಿತು. ಆ ನಾಚಿಕೆ ನನಗೆ ಇವತ್ತಿಗೂ ಇದೆ.

ಮುದುಕರು ಕಾರ್ಡನ್ನು ಹಾಕಿ, ಅವ್ವನಿಗೂ ತಿಳಿಯಲೆಂದು ಹಿಂದಿ ಹೆಣ್ಣುದನಿ ಇಟ್ಟು, ಯಂತ್ರವನ್ನು ನನ್ನ ಕಾರಿನ ಗಾಜಿಗೆ ಅಂಟಿಸಿಕೊಟ್ಟರು. ಅದು ಹೊತ್ತಿಕೊಂಡೇ ಇತ್ತು, ಆದರೆ ತೆರೆ ಖಾಲಿ. ಅದಕ್ಕೆ ಗೊತ್ತಿದ್ದ ದೇಶ ಸಮುದ್ರದ ಆಚೆ ಇತ್ತಲ್ಲ. ನಾನು ಅದಕ್ಕೆ ಯಾವ ಊರಿನ ಹೆಸರನ್ನೂ ಕೊಟ್ಟಿರಲಿಲ್ಲ.

ಚಳಿಗಾಲದ ಮಧ್ಯಾಹ್ನ, ಮೂರು ಗಂಟೆ ಇರಬಹುದು. ಊಟದ ಜೊಂಪು ಊರಿಗೆಲ್ಲ ಹತ್ತಿದಂತಿತ್ತು. ಮನೆಗೆ ಮರಳುತ್ತಿದ್ದೆವು. ಸಿಕಂದರಾಬಾದ್ ದಾಟಿ ತಾರ್ನಾಕಾದ ಹತ್ತಿರ ಒಂದು ಪೆಟ್ರೋಲ್ ಬಂಕ್ ಕಳೆಯಿತು. ಆಗ ಯಂತ್ರ ಮೆಲ್ಲಗೆ, ಎಡಕ್ಕೆ ತಿರುಗಿ ಎಂದಿತು.

ನನಗೆ ನಗು ಬಂತು. ಅವ್ವ ನಗಲಿಲ್ಲ. "ಹೇಳಾಕತ್ತಾಳಲ್ಲ, ಹೊಳ್ಳು," ಎಂದಳು. ಅಂಗಡಿಯಲ್ಲಿ ಆಡಿದ ಮಾತು ಮನಸ್ಸನ್ನು ಕೊರೆಯುತ್ತಿತ್ತು, ಅವಳನ್ನು ಸಮಾಧಾನ ಮಾಡಲೆಂದೇ ತಿರುಗಿಸಿದೆ. ನಿಜಕ್ಕೂ ಅಲ್ಲೊಂದು ಓಣಿ ಇತ್ತು. ಸ್ವಲ್ಪ ದೂರ ಹೋದ ಮೇಲೆ ಬಲಕ್ಕೆ ಎಂದಿತು. ಅಲ್ಲಿಯೂ ದಾರಿ ಇತ್ತು. ಮತ್ತೆ ಬಲ, ಆಮೇಲೆ ಎಡ, ಮತ್ತೆ ಎಡ. ಖಾಲಿ ತೆರೆಯಿಂದ ದನಿ ಬರುತ್ತಿತ್ತು, ಅದು ಹೇಳಿದಲ್ಲೆಲ್ಲ ಓಣಿ ತೆರೆದುಕೊಳ್ಳುತ್ತಿತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಗಳು, ನೆರಳಲ್ಲಿ ಮಲಗಿದ್ದ ನಾಯಿ, ಯಾರದೋ ಮನೆಯ ಕುಕ್ಕರಿನ ಸೀಟಿ, ಎಲ್ಲವೂ ನೀರಿನ ಕೆಳಗಿನಿಂದ ಬಂದಂತೆ ದೂರವಾಗಿದ್ದವು. ನನಗೆ ಭಯವಾಗಲಿಲ್ಲ. ನಿದ್ದೆಯ ಅಂಚಿನಲ್ಲಿ ಆಗುವಂಥ ಒಂದು ಹಾಯಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಓಣಿ ಒಂದು ಗೋದಾಮಿನ ಗೇಟಿನ ಎದುರು ಮುಗಿಯಿತು. ಗೇಟು ನೀಲಿಯಲ್ಲ, ತುಕ್ಕು ಹಿಡಿದು ಕಂದಾಗಿತ್ತು. ಆದರೆ ಗೋಡೆಯ ಮೇಲಿಂದ ಒಂದು ಲಿಂಬೆ ಗಿಡ ಬಾಗಿತ್ತು. ಗುರಿ ಮುಟ್ಟಿದ್ದೀರಿ ಎಂದು ಹೇಳಿ ಯಂತ್ರ ಸುಮ್ಮನಾಯಿತು. ಅವ್ವ ಇಳಿಯಲಿಲ್ಲ. ಗಿಡವನ್ನು ನೋಡುತ್ತ ಬಹಳ ಹೊತ್ತು ಕೂತಳು.

ಅವ್ವನಿಗೆ ಓದು ಬರುವುದಿಲ್ಲ. ಹೊಸದಾಗಿ ಈ ಊರಿಗೆ ಬಂದಾಗ ಕೆಲಸದ ಜಾಗಕ್ಕೆ ದಾರಿ ತಪ್ಪಬಾರದೆಂದು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಎಡಕ್ಕೆ ಹೊರಳಿದರೆ ಎಡಗೈಯ ಒಂದು ಬೆರಳು ಮಡಚುವುದು, ಬಲಕ್ಕಾದರೆ ಬಲಗೈಯದು. ಹಾಗೆ ಒಮ್ಮೆ ಮಡಚಿದ ದಾರಿಯನ್ನು ಅವಳು ಮರೆತದ್ದಿಲ್ಲ. ಅಂದು ಮನೆ ಮುಟ್ಟಿದಾಗ ನೋಡಿದೆ, ಅವಳ ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು ಬೆರಳು ಇನ್ನೂ ಮಡಚಿಕೊಂಡೇ ಇದ್ದವು.

ಮುಂದಿನ ತಿಂಗಳು ನಿಜ್ವಾದಲ್ಲಿ ಎರಡು ದಿನ ಫೋಟೋ ಹಿಡಿದುಕೊಂಡು ಅಲೆದೆವು. ಅಂಗಡಿಗಳಲ್ಲಿ, ಮಸೀದಿಯ ಎದುರು, ಅಂಚೆ ಕಚೇರಿಯಲ್ಲಿ ಕೇಳಿದೆವು. ಯಾರಿಗೂ ಗುರುತು ಸಿಗಲಿಲ್ಲ. ಎರಡನೆಯ ದಿನ ಸಂಜೆ, ಇನ್ನು ಸಾಕು ಎಂದು ಮಸ್ಕತ್ತಿನ ದಾರಿ ಹಿಡಿದೆ. ಊರ ಹೊರಗಿನ ಒಂದು ಪೆಟ್ರೋಲ್ ಬಂಕ್ ಕಳೆಯುತ್ತಿದ್ದಂತೆ ಅವ್ವ ನನ್ನ ತೋಳು ಮುಟ್ಟಿದಳು. "ಎಡಕ್ಕ ಹೊಳ್ಳು ತಮ್ಮಾ."

ಯಂತ್ರ ಮಾತಾಡಿರಲಿಲ್ಲ. ತೆರೆಯ ಮೇಲೆ ಹೆದ್ದಾರಿಯ ಒಂದು ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಎಡಕ್ಕೆ ಹೊರಳಿದೊಡನೆ ಆ ಗೆರೆಯೂ ತಪ್ಪಿಹೋಯಿತು, ನಮ್ಮ ಕಾರಿನ ಗುರುತು ಬಿಳಿ ಬಯಲಿನಲ್ಲಿ ಒಂಟಿಯಾಗಿ ಚಲಿಸತೊಡಗಿತು. ಅವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಂದಿನಂತೆಯೇ ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದಳು. ಬಲ. ಮತ್ತೆ ಬಲ. ಎಡ. ಎಡ. ಮಣ್ಣಿನ ದಾರಿ ಒಂದು ಗೇಟಿನ ಎದುರು ಮುಗಿಯಿತು. ನೀಲಿ ಗೇಟು.

ತೋಟದ ಯಜಮಾನರು ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು "ಶರಣ್" ಎಂದರು. ಅಪ್ಪನ ಹೆಸರು ಶರಣಪ್ಪ. ಅವನಿದ್ದ ಕೋಣೆಯ ಬಾಗಿಲು ತೆಗೆಸಿದರು. ಈಗ ಅಲ್ಲಿ ಗೊಬ್ಬರದ ಚೀಲಗಳಿದ್ದವು. ಅವ್ವ ಒಳಗೆ ಹೋಗಿ, ಕಿಟಕಿಯ ಪಕ್ಕದ ಗೋಡೆಗೆ ಎರಡೂ ಅಂಗೈ ಇಟ್ಟು ನಿಂತಳು. ನಾನು ಹೊರಗೇ ಉಳಿದೆ. ಅಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಹೈದರಾಬಾದಿಗೆ ಮರಳಿದ ಮೇಲೆ ಯಂತ್ರವನ್ನು ಅದೇ ಅಂಗಡಿಗೆ ಒಯ್ದೆ. ಗಿರಾಕಿಗಳಿಗೆ ತೋರಿಸಲೆಂದು ತಾನೇ ದಾರಿ ಹೇಳುತ್ತ ಹೋಗುವ ಡೆಮೊವನ್ನು ತಪ್ಪಿ ಚಾಲೂ ಇಟ್ಟಿದ್ದಿರೇನೋ ಎಂದು ಕೇಳಿದೆ. ಇಟ್ಟಿದ್ದರೂ ಕಾರ್ಡಿನಲ್ಲಿರುವ ರಸ್ತೆಗಳನ್ನಷ್ಟೇ ಅದು ಹೇಳುತ್ತದೆ ಎಂದರು ಮುದುಕರು. ಆ ತೋಟದ ದಾರಿ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ತಾರ್ನಾಕಾದ ಓಣಿಗಳಲ್ಲಿ ಯಂತ್ರ ಹಿಡಿದು ನಾಲ್ಕು ಸಲ ತಿರುಗಿದೆ, ಅದು ಬಾಯಿ ಬಿಡಲಿಲ್ಲ. ದೂರವನ್ನು ಅಳೆದೆ, ಎರಡೂ ಕಡೆಯ ಅಳತೆ ಹೊಂದಲಿಲ್ಲ, ತಿರುವುಗಳು ಮಾತ್ರ ಹೊಂದಿದವು. ಐದು ತಿರುವುಗಳು ಆಕಸ್ಮಿಕವಾಗಿ ಕೂಡಿಬರುವ ಸಂಭವ ಮೂವತ್ತೆರಡರಲ್ಲಿ ಒಂದು. ಅಸಾಧ್ಯವೇನಲ್ಲ, ಕಾಗದದ ಮೇಲೆ ಬರೆದೂ ನೋಡಿದ್ದೇನೆ. ಆದರೆ ಎಲ್ಲಿಂದ ಎಣಿಸಲು ಶುರು ಮಾಡಬೇಕೆಂದು ಅವ್ವನಿಗೆ ಹೇಗೆ ತಿಳಿಯಿತು ಎಂಬುದಕ್ಕೆ ನನ್ನ ಬಳಿ ಲೆಕ್ಕವಿಲ್ಲ. ಕೇಳಿದರೆ, "ಬಂಕ್ ಬಂತಲ್ಲಪ್ಪಾ," ಎನ್ನುತ್ತಾಳೆ.

ಅಪ್ಪ ತೀರಿಕೊಂಡ ದಿನ ಬಂದರೆ ಅವ್ವ ಈಗ ಗುಡಿಗೆ ಕರೆದೊಯ್ಯಿ ಎನ್ನುವುದಿಲ್ಲ. ತಾರ್ನಾಕಾದ ಆ ಗೋದಾಮಿಗೆ ಹೋಗೋಣ ಎನ್ನುತ್ತಾಳೆ. ಕಾವಲುಗಾರ ನಮ್ಮನ್ನು ಗುರುತು ಹಿಡಿದಿದ್ದಾನೆ, ಏನೂ ಕೇಳುವುದಿಲ್ಲ. ಅವಳು ತುಕ್ಕು ಹಿಡಿದ ಗೇಟಿಗೆ ಕೈ ಊರಿ, ಫೋಟೋದಲ್ಲಿ ಅಪ್ಪ ನಿಂತ ಹಾಗೆಯೇ, ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ನನಗೆ ಆ ದಾರಿ ಈಗ ಬಾಯಿಪಾಠ. ಆದರೂ ಬಂಕ್ ದಾಟಿದ ಮೇಲೆ ಕಾರನ್ನು ನಿಧಾನ ಮಾಡಿ, ಅವಳು ಹೇಳುವವರೆಗೆ ಕಾಯುತ್ತೇನೆ.