ನೋಡುತ್ತಿರುವವರು: ಒಬ್ಬರು

ವೈರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಜೊತೆ ಕೆಲಸ ಮಾಡಿದವರೆಲ್ಲ ಹೇಳುತ್ತಾರೆ. ಇರದೆ ಇನ್ನೇನು ಮಾಡೀತು? ಹನ್ನೊಂದು ವರ್ಷದಿಂದ ಕಂಡವರ ಮದುವೆ, ಸನ್ಮಾನ, ಅಂತ್ಯಸಂಸ್ಕಾರಗಳನ್ನು ದೂರದವರ ಫೋನಿಗೆ ಮುಟ್ಟಿಸುತ್ತ ಬಂದವಳು. ಸಭಾಂಗಣದ ವೈಫೈ ನಂಬಿ ಕೈಸುಟ್ಟುಕೊಂಡವರ ಕಥೆಗಳು ಅವಳ ಬಾಯಲ್ಲಿ ಬೇಕಾದಷ್ಟಿವೆ. ಅದಕ್ಕೇ ಎಲ್ಲಿ ಹೋದರೂ ತನ್ನದೇ ವೈರು ಎಳೆಯುತ್ತಾಳೆ. ಆ ಹೆಸರು ಬಂದದ್ದೂ ಹಾಗೆಯೇ.

ಅವಳದು ಇನ್ನೊಂದು ಪದ್ಧತಿ. ನೋಡುವವರು ಎಲ್ಲಿದ್ದಾರೆ, ಅವರ ಫೋನು ಎಂಥದ್ದು ಎಂದು ಮೊದಲೇ ಹೋಗಿ ನೋಡಿಬರುತ್ತಾಳೆ. ಈ ಮದುವೆಯಲ್ಲಿ ನೋಡುವವರು ಒಬ್ಬರೇ, ಹುಡುಗಿಯ ಅಪ್ಪ. ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ದಿನ ಮುಂದೂಡಬೇಡಿ ಎಂದು ಹಟ ಹಿಡಿದವರೂ ಅವರೇ. ಅಪ್ಪ ನೋಡುತ್ತಿದ್ದರೆ ಮಾತ್ರ ಮದುವೆಯ ರಿಜಿಸ್ಟರಿಗೆ ಸಹಿ ಹಾಕುತ್ತೇನೆ ಎಂದ ಮಗಳು, ಅವರಿಗೆ ಕಾಣುವ ಹಾಗೆ ಮಾಡುವುದಾಗಿ ವೈರಕ್ಕನಿಂದ ಮಾತು ತೆಗೆದುಕೊಂಡಿದ್ದಳು.

ಹಿಂದಿನ ದಿನ ವಾರ್ಡಿಗೆ ಹೋಗಿ, ಗಾಜು ಸೀಳಿದ ಅವರ ಹಳೇ ಫೋನಿನಲ್ಲಿ ಪರೀಕ್ಷಿಸಿದಳು. ದೊಡ್ಡ ಚಿತ್ರ ಕಳಿಸಿದರೆ ಬರೀ ಚಕ್ರ ತಿರುಗುತ್ತಿತ್ತು. ಚಿತ್ರದ ಅಳತೆಯನ್ನು ಇಳಿಸುತ್ತ ಇಳಿಸುತ್ತ ನಾನೂರ ಎಂಬತ್ತಕ್ಕೆ ಬಂದಾಗ ಚಿತ್ರ ಓಡಿತು. ಮುಖ ತುಸು ಮಸುಕು, ಮಾತು ಸ್ಪಷ್ಟ. ಇಷ್ಟು ಸಾಕಮ್ಮ ಎಂದರು ಅವರು. ವೈರಕ್ಕ ನರ್ಸಿನ ನಂಬರನ್ನೂ ಬರೆದುಕೊಂಡು ಬಂದಳು.

ಆದರೆ ಹುಡುಗಿಗೊಬ್ಬ ಚಿಕ್ಕಪ್ಪ ಇದ್ದನಲ್ಲ! ಎಲ್ಲದರಲ್ಲೂ ಮೂಗು ತೂರಿಸುವ ಆಸಾಮಿ. ಲ್ಯಾಪ್‌ಟಾಪಿನಲ್ಲಿ ನಾನೂರ ಎಂಬತ್ತು ಎಂಬ ಅಂಕಿ ಕಂಡವನೇ, ಎಲ್ಲಕ್ಕಿಂತ ಒಳ್ಳೆಯ ಕ್ವಾಲಿಟಿ ಅಂದಿರಿ, ನಮ್ಮ ಕಿವಿಗೆ ಹೂ ಇಡುತ್ತಿದ್ದೀರಾ ಎಂದು ಎಗರಾಡಿದ. ವೈರಕ್ಕ ಹಲ್ಲು ಕಚ್ಚಿಕೊಂಡು ಎರಡು ಸಲ ಬಿಡಿಸಿ ಹೇಳಿದಳು. ಆತ ಹೂಂಗುಟ್ಟಿದ.

ಬಾಗಿಲ ಬಳಿ ಜನ ವೈರು ತುಳಿಯುತ್ತಿದ್ದರು. ಅದಕ್ಕೆ ಟೇಪು ಅಂಟಿಸಿ ಬರುವಷ್ಟರಲ್ಲಿ ಹುಡುಗಿ ಮೇಜಿನ ಮುಂದೆ ಕೂತಾಗಿತ್ತು, ರಿಜಿಸ್ಟರು ತೆರೆದಿತ್ತು. ಲ್ಯಾಪ್‌ಟಾಪು ನೋಡಿದರೆ ಯಾರೋ ಪ್ರಸಾರ ನಿಲ್ಲಿಸಿ, ಚಿತ್ರವನ್ನು ಹೆಚ್ಚು ಅಂದರೆ ಎಷ್ಟೋ ಅಷ್ಟಕ್ಕೆ ಏರಿಸಿ, ಮತ್ತೆ ಶುರು ಮಾಡಿದ್ದರು. ನೋಡುತ್ತಿರುವವರು: ಸೊನ್ನೆ.

"ಈಗ ನೋಡಿ, ಕನ್ನಡಿ ಇದ್ದ ಹಾಗಿದೆ," ಎಂದ ಚಿಕ್ಕಪ್ಪ.

ವೈರಕ್ಕನಿಗೆ ಪಿತ್ತ ನೆತ್ತಿಗೇರಿತು. ನರ್ಸಿಗೆ ಫೋನು ಮಾಡಿದಳು. ಚಿತ್ರ ನಿಂತುಹೋಗಿದೆ, ಪರವಾಗಿಲ್ಲ, ನನಗಾಗಿ ಯಾರೂ ಕಾಯುವುದು ಬೇಡ ಅನ್ನುತ್ತಿದ್ದಾರೆ ಎಂದಳು ನರ್ಸು. ಪರವಾಗಿಲ್ಲವಂತೆ! ಆ ಮಾತು ಕೇಳಿ ಅವಳ ಮೈ ಇನ್ನಷ್ಟು ಉರಿಯಿತು. ನೆಟ್ಟಗೆ ಮೇಜಿನ ಬಳಿ ಹೋಗಿ ರಿಜಿಸ್ಟರಿನ ಮೇಲೆ ಕೈಯಿಟ್ಟಳು.

"ಸಹಿ ಹಾಕ್ಬೇಡಮ್ಮ. ನಿಮ್ಮಪ್ಪನಿಗೆ ಕಾಣ್ತಿಲ್ಲ."

ಚಿಕ್ಕಪ್ಪ ಓಡಿಬಂದ. ಒಬ್ಬರಿಗಾಗಿ ಮುನ್ನೂರು ಜನ ಕಾಯಬೇಕೇ, ಆಮೇಲೆ ರೆಕಾರ್ಡಿಂಗ್ ಕಳಿಸಿದರಾಯಿತು ಎಂದ.

"ಮುನ್ನೂರು ಜನಕ್ಕೆ ಕಣ್ಣೆದುರಿಗೇ ಕಾಣ್ತಿದೆ," ಎಂದಳು ವೈರಕ್ಕ. "ನಾನು ಬಂದಿರೋದು ಆ ಒಬ್ಬರಿಗೆ. ಇನ್ನೊಂದ್ಸಲ ನನ್ನ ಲ್ಯಾಪ್‌ಟಾಪ್ ಮುಟ್ಟಿದ್ರೆ ನೆಟ್ಟಗಿರಲ್ಲ."

ಹುಡುಗಿ ಪೆನ್ನು ಮುಚ್ಚಿ ಹಿಡಿದು, ಚಿಕ್ಕಪ್ಪನನ್ನು ದುರುಗುಟ್ಟಿ ನೋಡುತ್ತ ಕೂತಳು.

ವೈರಕ್ಕ ಚಿತ್ರವನ್ನು ಮತ್ತೆ ನಾನೂರ ಎಂಬತ್ತಕ್ಕೆ ಇಳಿಸಿದಳು. ಸೊನ್ನೆ ಒಂದಾಯಿತು. ಹುಡುಗಿ ಕ್ಯಾಮೆರಾದತ್ತ ತಿರುಗಿ, "ಅಪ್ಪಾ, ಕಾಣ್ತಿದ್ದೀನಾ?" ಎಂದಳು.

ನೇರಪ್ರಸಾರ ಅನ್ನುವುದು ಹೆಸರಿಗೆ ಅಷ್ಟೇ. ಇಲ್ಲಿನದು ಅಲ್ಲಿ ಕಾಣಲು ಇಪ್ಪತ್ತು ಸೆಕೆಂಡು ಬೇಕು. ವೈರಕ್ಕ ನರ್ಸಿನ ಕರೆ ಇನ್ನೂ ಇದ್ದ ತನ್ನ ಫೋನನ್ನು ಮೈಕಿಗೆ ಹಿಡಿದು ನಿಂತಳು. ಚಿಕ್ಕಪ್ಪ ಗಡಿಯಾರ ನೋಡಿಕೊಂಡ. ಹುಡುಗಿ ತಡೆಯಲಾರದೆ ಪೆನ್ನನ್ನು ಹಾಗೆಯೇ ಕಾಗದಕ್ಕೆ ಒತ್ತಿದಳು.

ಮೈಕಿನಲ್ಲಿ ಕೆಮ್ಮು ಕೇಳಿಸಿತು, ಆಮೇಲೆ ಮಾತು.

"ಕಾಣ್ತಿದ್ದೀಯಮ್ಮ. ಮೊದಲು ಆ ಪೆನ್ನಿನ ಮುಚ್ಚಳ ತೆಗಿ."