ಅವ್ವನ ಬಳುವಳಿ ಹಸು

ನಾಗಮಂಗಲದ ನಮ್ಮ ಮನೆಯ ದನ ಕಾಯುತ್ತಿದ್ದ ಮುದುಕನನ್ನು ಮೊಮ್ಮಕ್ಕಳೆಷ್ಟು ಎಂದು ಕೇಳಿದರೆ ಬೆರಳು ಮಡಚಿ ಎಣಿಸಬೇಕಿತ್ತು. ಆದರೆ ಯಾವ ಕರು ಯಾವ ಹಸುವಿನದು, ಅದರ ಅಜ್ಜಿ ಯಾವುದು ಎಂಬುದನ್ನು ಎಲೆಅಡಿಕೆ ಅಗಿಯುತ್ತಲೇ ಹೇಳುತ್ತಿದ್ದ. ಅವ್ವ ಮದುವೆಯಾಗಿ ಬಂದಾಗ ತವರಿನವರು ಬಳುವಳಿ ಕೊಟ್ಟಿದ್ದ ಕೆಂಪು ಹಸುವಿನ ಸಂತಾನ ಎದುರಾದರೆ ಬೆನ್ನು ಸವರಿ, "ಇದು ಅವ್ವಂದು" ಎನ್ನದೆ ಮುಂದೆ ಹೋಗುತ್ತಿರಲಿಲ್ಲ.

ಪಟ್ಟಣದ ಕೋಟೆ ಇಂಗ್ಲಿಷರ ಕೈಗೆ ಬಿದ್ದ ವರ್ಷ ಅವ್ವ ತೀರಿಕೊಂಡಳು. ಅಪ್ಪನ ಹೊಲ, ಮನೆ ಆಗಲೇ ಅಣ್ಣಂದಿರದಾಗಿತ್ತು. ಅದನ್ನು ಹೆಣ್ಣುಮಗಳಾದ ನಾನು ಕೇಳುವಂತಿರಲಿಲ್ಲ. ತಿಥಿಯ ದಿನ ಅವ್ವನ ಹಸುಗಳ ಮಾತೆತ್ತಿದೆ.

"ಕೊಟ್ಟಿಗೇಲಿರೋದೆಲ್ಲ ಮನೇದು ಕಣಮ್ಮಿ," ಎಂದ ದೊಡ್ಡಣ್ಣ. ಮುದುಕ ಅಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದ. ಕೇಳಿಯೂ ಕೇಳದವನಂತೆ ಇನ್ನೊಂದು ಎಳೆ ಎತ್ತಿಕೊಂಡ. ನನಗೆ ಅವನ ಮೇಲೂ ಸಿಟ್ಟು ಬಂತು. ಅಳುತ್ತಲೇ ಪಾಲಹಳ್ಳಿಗೆ, ಗಂಡನ ಮನೆಗೆ ಮರಳಿದೆ.

ಎಂಟು ದಿನ ಕಳೆದಿರಬೇಕು. ಅಂಗಳದಲ್ಲಿ ಗಂಟೆಯ ಸದ್ದು ಕೇಳಿ ಹೊರಬಂದರೆ ಎರಡು ಹಸು, ಒಂದು ಕರು ನಿಂತಿದ್ದವು. ಹಿಂದೆ ಮೈಯೆಲ್ಲ ಧೂಳಾಗಿ ಮುದುಕ ನಿಂತಿದ್ದ.

"ಅಣ್ಣ ಒಪ್ಪಿದನಾ ತಾತ?"

"ನಾನು ಕೇಳ್ನಿಲ್ಲ ಕಣವ್ವ," ಎಂದು ಹೊಸ ಹಗ್ಗದ ತುದಿಯನ್ನು ನನ್ನ ಕೈಗಿಟ್ಟ. "ಅವ್ವಂದು ಮಗ್ಳಿಗೆ. ಅವ್ರನ್ನ ಯಾಕೆ ಕೇಳ್ಬೇಕು?"