ಬಸ್ಸಿಗೆ ದಾರಿ ಬಿಟ್ಟವಳು

ಮೂಡುಬಿದಿರೆ–ಬಂಟ್ವಾಳ ರೂಟಿನಲ್ಲಿ ನನ್ನದೊಂದು ಬಸ್ಸು ಇದೆ. ಓಡಿಸುವವನೂ ನಾನೇ. ಯಾರಿಗೂ ಸುಲಭದಲ್ಲಿ ದಾರಿ ಬಿಡದ ಮನುಷ್ಯ ಎಂಬ ಹೆಸರು ನನಗಿದೆ. ಸುಳ್ಳೇನಲ್ಲ.

ಅವತ್ತು ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿದ್ದಾಗ ಮಗಳ ಫೋನು ಬಂತು. ದೂರದ ಊರಿನಲ್ಲಿ ಪೈಲಟ್ ತರಬೇತಿಗೆ ಸೇರಿದ್ದಳು. ಒಬ್ಬಳೇ ಹಾರಿಸುವಷ್ಟು ಕಲಿತೂ ಇದ್ದಳು.

"ಅಪ್ಪಾ, ಇಳಿಸುವಾಗ ಇಂಜಿನ್ ಆಫ್ ಆಯ್ತು. ವಿಮಾನ ಗದ್ದೆಯಲ್ಲಿ ಉಂಟು. ನನಗೇನೂ ಆಗಲಿಲ್ಲ, ಭುಜ ಸ್ವಲ್ಪ ನೋಯ್ತದೆ."

"ಜನ ಸೇರುವ ಮೊದಲು ಅಲ್ಲಿಂದ ಓಡು ಮಗಾ!" ಎಂದುಬಿಟ್ಟೆ.

ಬಸ್ಸಿನವರ ಬುದ್ಧಿ ಅದು. ಅಪಘಾತವಾದರೆ ತಪ್ಪು ಯಾರದೇ ಇರಲಿ, ಪೆಟ್ಟು ಮಾತ್ರ ಡ್ರೈವರನಿಗೆ. ಹಾಗಾಗಿ ಮೊದಲು ಕಾಲಿಗೆ ಬುದ್ಧಿ ಹೇಳಬೇಕು.

"ಎಲ್ಲಿಗೆ ಓಡುವುದು ಅಪ್ಪಾ? ಜನ ನನಗೆ ನೀರು ಕೊಡ್ತಾ ಇದ್ದಾರೆ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಭುಜದ ಮೂಳೆ ಮುರಿದಿತ್ತು. ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಳು. "ಜೀವ ಉಳಿಯಿತಲ್ಲ, ಸಾಕು. ಇನ್ನು ವಿಮಾನದ ಸುದ್ದಿ ಈ ಮನೆಯಲ್ಲಿ ಬೇಡ" ಎಂದಳು ನನ್ನ ಹೆಂಡತಿ. ಒಳಗೊಳಗೇ ನನಗೂ ಅದೇ ಬೇಕಿತ್ತು. ಹೆದರಿಬಿಟ್ಟಿದ್ದೆ. ಮಗಳದ್ದು ಮಾತ್ರ ಒಂದೇ ಹಟ, ಮತ್ತೆ ಹೋಗುತ್ತೇನೆ ಎಂದು.

ಒಂದು ಸಂಜೆ ರೇಗಿದೆ. "ಅಲ್ಲ ಮಾರಾಯ್ತಿ, ಎದುರಿಗೆ ರಸ್ತೆ ಇತ್ತು ಅಂತ ಹೇಳ್ತಿ. ಮತ್ತೆ ಗದ್ದೆಗೆ ಯಾಕೆ ತಿರುಗಿಸಿದ್ದು?"

"ರಸ್ತೆಗೇ ಇಳಿಸುವ ಅಂತ ಇದ್ದೆ. ಅಷ್ಟರಲ್ಲಿ ಬಸ್ಸು ಬಂತು. ತುಂಬ ಜನ ಇದ್ದರು ಅಪ್ಪಾ."

ಇಂಜಿನ್ ಕೈಕೊಟ್ಟ ಮೇಲೆ ವಿಮಾನ ಗಾಳಿಯಲ್ಲಿ ಎಷ್ಟು ಹೊತ್ತು ಇದ್ದೀತು? ಅಷ್ಟರಲ್ಲೇ ಅವಳಿಗೆ ಬಸ್ಸಿನೊಳಗಿನ ಜನ ಕಂಡಿದ್ದರು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ನನಗೆ ಹಾಗೆ ಹೊಳೆಯುತ್ತಿತ್ತೋ ಇಲ್ಲವೋ, ದೇವರಾಣೆ ಗೊತ್ತಿಲ್ಲ. ಹೆಮ್ಮೆಯಿಂದ ಎದೆ ತುಂಬಿ ಬಂತು. ಹೆದರಿಕೆ ಹೋಗಲಿಲ್ಲ, ಆದರೆ ಅದರ ಮಾತು ಕೇಳುವುದು ಬೇಡ ಅನಿಸಿತು.

"ಭುಜ ಸರಿಯಾಗಲಿ, ಹೋಗು" ಎಂದೆ.

ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಅಷ್ಟೇ. ಭುಜ ಸರಿಯಾಗಿ ಮಗಳು ಹೊರಟ ಮೇಲೆ ಪಾಣೆಮಂಗಳೂರಿನ ಪರಿಚಯದವರೂ ಬುದ್ಧಿ ಹೇಳಲು ಬಂದರು. "ಹೆಣ್ಣುಮಗುವನ್ನು ಮತ್ತೆ ಕಳಿಸಿದ್ದಾ ಮಾರಾಯ?"

"ಒಂದು ಬಸ್ಸು ಚರಂಡಿಗೆ ಬಿದ್ದರೆ ನೀವು ಬಸ್ಸು ಹತ್ತುವುದು ಬಿಡ್ತೀರಾ?" ಎಂದು ಅವರ ಬಾಯಿ ಮುಚ್ಚಿಸಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವರಿಗೆ ಕೇಳಿಸಲಿಲ್ಲ, ಪುಣ್ಯ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗಳ ಫೋನು ಬಂತು. ಅಪಘಾತದ ನಂತರ ಮೊದಲ ಸಲ ಒಬ್ಬಳೇ ಹಾರಿ ಬಂದಿದ್ದಳು. ನಾನು ಫೋನು ಇಡುವವರೆಗೂ ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು.

"ಇಳಿದಳಾ?"

"ಇಳಿದಳು. ರನ್‌ವೇಯಲ್ಲೇ."

ಸೌಟು ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕಕ್ಕಿಂಜೆಯ ತನ್ನ ಅಕ್ಕನಿಗೆ ಫೋನು ಮಾಡಿದಳು. ಆ ಕಡೆಯಿಂದ ಯಾರೆಂದು ಕೇಳಿರಬೇಕು.

"ಯಾರು ಅಂದರೆ? ಪೈಲಟ್‌ನ ಅಮ್ಮ ಮಾತಾಡುವುದು!"